ತಾರೀಕು ಬದಲಾಯಿಸಬಹುದು, ವಾರ ಬದಲಾಯಿಸಲಾಗದು

365ನ್ನು 7ರಿಂದ ಭಾಗಿಸಿದರೆ 52 ಬರುತ್ತದೆ, 1 ಶೇಷ ಉಳಿಯುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಕ್ಯಾಲೆಂಡರ್ ಸುಧಾರಕರು ಗುದ್ದಾಡುತ್ತಿರುವುದು ಈ ಒಂದು ಶೇಷದ ಜೊತೆಗೆ. ಈ ವರ್ಷ ಸೋಮವಾರ ಬಿದ್ದ ತಾರೀಕು ಮುಂದಿನ ವರ್ಷ ಮಂಗಳವಾರಕ್ಕೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಬುಧವಾರಕ್ಕೆ. ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಅಚ್ಚಾಗಬೇಕಾಗಿರುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಅದರ ಮೇಲೆ ತಿಂಗಳುಗಳ ಏರುಪೇರು ಬೇರೆ. ವರ್ಷದ ಮೊದಲ ಮೂರು ತಿಂಗಳಿಗೆ 90 ದಿನ, ಆಮೇಲಿನ ಮೂರಕ್ಕೆ 91, ಉಳಿದ ಎರಡು ತ್ರೈಮಾಸಿಕಗಳಿಗೆ 92 ದಿನ. ಮಾರ್ಚ್ ತಿಂಗಳು ಫೆಬ್ರವರಿಗಿಂತ ಸುಮಾರು ಶೇಕಡ 11ರಷ್ಟು ಉದ್ದ. ಒಂದು ತಿಂಗಳಲ್ಲಿ ನಾಲ್ಕು ಭಾನುವಾರ ಬಂದರೆ ಇನ್ನೊಂದರಲ್ಲಿ ಐದು. ಹಾಗಾಗಿ ಒಂದು ಕಾರ್ಖಾನೆಯ ಫೆಬ್ರವರಿ ಉತ್ಪಾದನೆಯನ್ನು ಮಾರ್ಚ್ ಉತ್ಪಾದನೆಯ ಪಕ್ಕದಲ್ಲಿಟ್ಟರೆ, ಕೆಲಸ ಹೆಚ್ಚಾಯಿತೋ ದಿನ ಹೆಚ್ಚಾಯಿತೋ ತಿಳಿಯುವುದಿಲ್ಲ.

ಇಲ್ಲಿ ಎರಡು ಸಮಸ್ಯೆಗಳಿವೆ, ಅವನ್ನು ಬೇರೆಬೇರೆಯಾಗಿಯೇ ನೋಡಬೇಕು. ಒಂದು, ವರ್ಷವನ್ನು ಸೂರ್ಯನ ಜೊತೆ ಹೊಂದಿಸಿಕೊಂಡು ಹೋಗುವುದು. ಎರಡು, ವಾರ ಮತ್ತು ತಿಂಗಳುಗಳನ್ನು ವರ್ಷದೊಳಗೆ ಅಚ್ಚುಕಟ್ಟಾಗಿ ಕೂರಿಸುವುದು. ಮೊದಲನೆಯದಕ್ಕೆ ಕೈಹಾಕಿದ ಸುಧಾರಣೆ ಹೆಚ್ಚುಕಡಿಮೆ ಇಡೀ ಜಗತ್ತಿನಲ್ಲಿ ನೆಲೆಯೂರಿತು. ಎರಡನೆಯದಕ್ಕೆ ಕೈಹಾಕಿದವು ಒಂದಾದ ಮೇಲೊಂದು ಬಿದ್ದುಹೋದವು. ಜನ ಹಳೆಯದಕ್ಕೆ ಅಂಟಿಕೊಳ್ಳುತ್ತಾರೆ ಎಂದು ಹೇಳಿಬಿಡುವುದು ಸುಲಭ. ಆದರೆ ಅದೇ ಜನ ನಾಣ್ಯ ಬದಲಾದಾಗ, ಅಳತೆ ಬದಲಾದಾಗ, ರಸ್ತೆಯಲ್ಲಿ ವಾಹನ ಓಡಿಸುವ ಬದಿಯೇ ಬದಲಾದಾಗ ಹೊಂದಿಕೊಂಡಿದ್ದಾರೆ. ಕ್ಯಾಲೆಂಡರಿನಲ್ಲಿ ಯಾಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಜನರ ಸ್ವಭಾವದಲ್ಲಿರುವುದಕ್ಕಿಂತ ಹೆಚ್ಚಾಗಿ ಆಯಾ ಸುಧಾರಣೆಯ ಒಳಗಿನ ರಚನೆಯಲ್ಲಿದೆ.

ಗುರುವಾರದ ಮರುದಿನ ಶುಕ್ರವಾರ

ಒಂದು ವಸಂತ ವಿಷುವದಿಂದ, ಅಂದರೆ ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮನಾಗುವ ದಿನದಿಂದ, ಮುಂದಿನ ವಸಂತ ವಿಷುವಕ್ಕೆ ಸುಮಾರು 365.2422 ದಿನ. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ಕ್ಯಾಲೆಂಡರ್ ಇದನ್ನು 365.25 ಎಂದು ಹಿಡಿದು, ನಾಲ್ಕು ವರ್ಷಕ್ಕೊಮ್ಮೆ ಒಂದು ಅಧಿಕ ದಿನ ಸೇರಿಸಿತು. ವರ್ಷಕ್ಕೆ ಸುಮಾರು 11 ನಿಮಿಷದ ತಪ್ಪು. ಒಂದು ತಲೆಮಾರಿಗೆ ಇದು ಗೊತ್ತೇ ಆಗದು. ಆದರೆ 128 ವರ್ಷಕ್ಕೆ ಒಂದು ದಿನ ಜಾರುತ್ತದೆ. ಕ್ರಿ.ಶ. 325ರಲ್ಲಿ ಕ್ರೈಸ್ತ ಧರ್ಮಗುರುಗಳು ನೈಸಿಯಾದಲ್ಲಿ ಸೇರಿದ ಸಭೆಯ ಕಾಲದಲ್ಲಿ ಮಾರ್ಚ್ 21ರ ಸುಮಾರಿಗೆ ಇದ್ದ ವಿಷುವ, 16ನೇ ಶತಮಾನದ ಹೊತ್ತಿಗೆ ಮಾರ್ಚ್ 11ಕ್ಕೆ ಬಂದಿತ್ತು. ಈಸ್ಟರ್ ಲೆಕ್ಕ ವಿಷುವದ ಮೇಲೆ ನಿಂತಿದ್ದರಿಂದ ಚರ್ಚಿಗೆ ಇದು ಬರಿಯ ಖಗೋಳದ ಸಂಗತಿಯಾಗಿರಲಿಲ್ಲ.

ಇಟಲಿಯ ವೈದ್ಯ ಅಲೋಷಿಯಸ್ ಲಿಲಿಯಸ್ ರೂಪಿಸಿದ ಪರಿಹಾರ ಬಹಳ ಮಿತವಾದದ್ದು. 100ರಿಂದ ಭಾಗವಾಗುವ ವರ್ಷಗಳು ಅಧಿಕ ವರ್ಷಗಳಲ್ಲ, 400ರಿಂದ ಭಾಗವಾದರೆ ಮಾತ್ರ ಹೌದು. ಅಂದರೆ 400 ವರ್ಷದಲ್ಲಿ 100 ಅಧಿಕ ದಿನಗಳ ಬದಲು 97. ಸರಾಸರಿ ವರ್ಷ 365.2425 ದಿನ, ತಪ್ಪು ವರ್ಷಕ್ಕೆ ಅರ್ಧ ನಿಮಿಷಕ್ಕೂ ಕಡಿಮೆ. ಆಗಲೇ ಸೇರಿಹೋಗಿದ್ದ ಹತ್ತು ದಿನಗಳನ್ನು ತೆಗೆಯುವುದಕ್ಕೆ ಎರಡು ದಾರಿ ಇದ್ದವು. 40 ವರ್ಷ ಅಧಿಕ ದಿನವನ್ನೇ ಹಾಕದೆ ಮೆಲ್ಲಗೆ ಕರಗಿಸುವುದು, ಇಲ್ಲವೇ ಒಂದೇ ಸಲ ಹಾರಿಸಿಬಿಡುವುದು. ಪೋಪ್ 13ನೇ ಗ್ರೆಗರಿ ಎರಡನೆಯದನ್ನು ಆರಿಸಿಕೊಂಡರು. 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು.

ಆದರೆ ಅಕ್ಟೋಬರ್ 4 ಗುರುವಾರ, ಅಕ್ಟೋಬರ್ 15 ಶುಕ್ರವಾರ. ಹತ್ತು ತಾರೀಕುಗಳು ಹೋದವು, ಒಂದು ವಾರವೂ ಹೋಗಲಿಲ್ಲ. ಸಂತೆಯ ದಿನ, ಪ್ರಾರ್ಥನೆಯ ದಿನ, ವಾರದ ಕೂಲಿಯ ದಿನ ಯಾವುದೂ ಕದಲಲಿಲ್ಲ. ತಿಂಗಳುಗಳ ಹೆಸರು, ಅವುಗಳ ಉದ್ದ, ವರ್ಷದ ಎಣಿಕೆ ಎಲ್ಲವೂ ಹಾಗೆಯೇ ಉಳಿದವು. ಹೊಸ ನಿಯಮದ ಪರಿಣಾಮ ಮೊದಲ ಬಾರಿ ಕಾಣಬೇಕಾಗಿದ್ದದ್ದೇ 1700ರಲ್ಲಿ. ಗೆದ್ದ ಸುಧಾರಣೆ ಎಷ್ಟು ಕಡಿಮೆ ಬದಲಾಯಿಸಿತ್ತು ಎಂಬುದು ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ.

ಹಾಗಿದ್ದೂ ವಿರೋಧ ಬಂತು, ಮುಖ್ಯವಾಗಿ ಆಜ್ಞೆ ಎಲ್ಲಿಂದ ಬಂತು ಎಂಬ ಕಾರಣಕ್ಕೆ. ಸ್ಪೇನ್, ಪೋರ್ಚುಗಲ್, ಪೋಲೆಂಡ್ ಕೂಡಲೇ ಒಪ್ಪಿದವು. ಜರ್ಮನಿಯ ಪ್ರೊಟೆಸ್ಟೆಂಟ್ ಪ್ರಾಂತ್ಯಗಳು 1700ರವರೆಗೆ, ಬ್ರಿಟನ್ 1752ರವರೆಗೆ, ರಷ್ಯಾ 1918ರವರೆಗೆ, ಗ್ರೀಸ್ 1923ರವರೆಗೆ ಕಾದವು. ಕಾದಷ್ಟೂ ಅಂತರ ಬೆಳೆಯಿತು: 1700ರ ಅಧಿಕ ದಿನವೂ ಸೇರಿ ಬ್ರಿಟನ್ ತೆಗೆಯಬೇಕಾದದ್ದು ಹತ್ತಲ್ಲ, ಹನ್ನೊಂದು ದಿನ. ಲೆಕ್ಕ ಸರಿಯಿದೆ ಎಂಬುದರಲ್ಲಿ ಈ ದೇಶಗಳ ಹಲವು ಖಗೋಳಜ್ಞರಿಗೆ ಅನುಮಾನವಿರಲಿಲ್ಲ. ಪೋಪ್ ಹೇಳಿದ್ದನ್ನು ನಾವೇಕೆ ಕೇಳಬೇಕು ಎಂಬುದು ಲೆಕ್ಕದಿಂದ ಬಗೆಹರಿಯುವ ಪ್ರಶ್ನೆಯಲ್ಲ.

ಸಾಲ, ಬಾಡಿಗೆ, ಸಂಬಳ

ತಾರೀಕು ಅಂದರೆ ಇಬ್ಬರ ನಡುವಿನ ಕರಾರು. ತಾರೀಕು ಅಳಿಸಿದರೆ ಕರಾರಿನ ಗತಿಯೇನು? ತಿಂಗಳ ಬಾಡಿಗೆ ಕೊಡುವವನು ಹನ್ನೊಂದು ದಿನ ಇಲ್ಲದ ತಿಂಗಳಿಗೆ ಪೂರ್ತಿ ಕೊಡಬೇಕೇ? ಬಡ್ಡಿ ಎಷ್ಟು ದಿನಕ್ಕೆ? 21 ತುಂಬಿದವನಿಗೆ ಆಸ್ತಿ ಬರಬೇಕಿದ್ದರೆ ಅವನಿಗೆ 21 ತುಂಬುವುದು ಯಾವತ್ತು?

ಬ್ರಿಟನ್ ಸಂಸತ್ತು ಈ ಪ್ರಶ್ನೆಗಳನ್ನು ಕಾನೂನಿನ ಒಳಗೇ ಬಗೆಹರಿಸಿತು. 1752ರ ಸೆಪ್ಟೆಂಬರ್ 2, ಬುಧವಾರದ ಮರುದಿನ ಸೆಪ್ಟೆಂಬರ್ 14, ಗುರುವಾರ. ಆ ತಿಂಗಳಿಗೆ 19 ದಿನ. ಆದರೆ ಬಾಡಿಗೆ, ಸಾಲದ ಗಡುವು, ಕರಾರಿನ ಅವಧಿ, ವಯಸ್ಸು ತುಂಬುವುದು ಇವೆಲ್ಲ ತಾರೀಕಿನ ಪ್ರಕಾರವಲ್ಲ, ನಿಜವಾಗಿ ಕಳೆದ ದಿನಗಳ ಪ್ರಕಾರ ಎಂದು ಬರೆಯಲಾಯಿತು. ಹಳೆಯ ಲೆಕ್ಕದಲ್ಲಿ ಮಾರ್ಚ್ 25ಕ್ಕೆ ಬರಬೇಕಿದ್ದ ಬಾಕಿ ಹೊಸ ಲೆಕ್ಕದಲ್ಲಿ ಏಪ್ರಿಲ್ 5ಕ್ಕೆ ಬಂತು. ಇಂದಿಗೂ ಬ್ರಿಟನ್ನಿನಲ್ಲಿ ತೆರಿಗೆ ವರ್ಷ ಏಪ್ರಿಲ್ 6ರಂದು ಶುರುವಾಗುವುದರ ಬೇರು ಇಲ್ಲಿದೆ. “ನಮ್ಮ ಹನ್ನೊಂದು ದಿನ ವಾಪಸ್ ಕೊಡಿ” ಎಂದು ಜನ ದಂಗೆ ಎದ್ದರು ಎಂಬ ಕಥೆ ಈಗಲೂ ಓಡಾಡುತ್ತದೆ. ಅಂಥ ದಂಗೆ ನಡೆದದ್ದಕ್ಕೆ ಇತಿಹಾಸಕಾರರಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಆ ಘೋಷಣೆ ಇರುವುದು ವಿಲಿಯಂ ಹೋಗಾರ್ತ್ ಬಿಡಿಸಿದ ಚುನಾವಣಾ ಚಿತ್ರವೊಂದರ ಫಲಕದ ಮೇಲೆ. ಸಾಮಾನ್ಯ ಜನರನ್ನು ಅಜ್ಞಾನಿಗಳೆಂದು ತೋರಿಸಲು ಈ ಕಥೆ ಅನುಕೂಲವಾಗಿದ್ದರಿಂದ ಉಳಿದುಕೊಂಡಿತು. ಬಾಡಿಗೆ ಎಷ್ಟು ದಿನಕ್ಕೆ ಎಂದು ಕೇಳುವುದು ಅಜ್ಞಾನವಲ್ಲ, ಅದು ನ್ಯಾಯವಾದ ಪ್ರಶ್ನೆ.

ಹಣದ ಲೆಕ್ಕ ಯಾರ ಕಡೆ ವಾಲುತ್ತದೆ ಎಂಬುದು ಜಪಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚಾಂದ್ರಸೌರ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್ನಿಗೆ ಬರುವ ಆಜ್ಞೆ ಹೊರಟದ್ದು ಮೇಜಿ ಶಕೆಯ 5ನೇ ವರ್ಷದ (1872) ಹನ್ನೊಂದನೇ ತಿಂಗಳ 9ರಂದು. ಹನ್ನೆರಡನೇ ತಿಂಗಳ 3ನೇ ದಿನವೇ 1873ರ ಜನವರಿ 1 ಆಗಿಬಿಟ್ಟಿತು. ಮುನ್ಸೂಚನೆ ಒಂದು ತಿಂಗಳೂ ಇರಲಿಲ್ಲ. ಹನ್ನೆರಡನೇ ತಿಂಗಳಿಗೆ ಎರಡೇ ದಿನ ಉಳಿದದ್ದರಿಂದ ಆ ತಿಂಗಳ ಸಂಬಳ ಸರ್ಕಾರಕ್ಕೆ ಉಳಿಯಿತು. ಮುಂದಿನ ವರ್ಷ ಹಳೆಯ ಲೆಕ್ಕದಲ್ಲಿ ಅಧಿಕ ಮಾಸ ಬಂದು ಹದಿಮೂರು ಸಂಬಳ ಕೊಡಬೇಕಾಗಿತ್ತು, ಅದೂ ತಪ್ಪಿತು. 2016ರಲ್ಲಿ ಸೌದಿ ಅರೇಬಿಯಾ ಸರ್ಕಾರಿ ನೌಕರರ ಸಂಬಳವನ್ನು ಹಿಜರಿ ತಿಂಗಳಿನಿಂದ ಗ್ರೆಗೋರಿಯನ್ ತಿಂಗಳಿಗೆ ಬದಲಾಯಿಸಿತು. ಮೊದಲು ಸುಮಾರು 354 ದಿನಕ್ಕೆ ಬರುತ್ತಿದ್ದ ಹನ್ನೆರಡು ಸಂಬಳ ಈಗ 365 ದಿನಕ್ಕೆ. ಕ್ಯಾಲೆಂಡರ್ ಬದಲಾವಣೆ ಬರಿಯ ಕಾಗದದ ಕೆಲಸ ಎನ್ನುವವರು ಈ ಹನ್ನೊಂದು ದಿನವನ್ನು ಲೆಕ್ಕ ಹಾಕಿ ನೋಡಬೇಕು.

ಅರ್ಧ ದಾರಿಯಲ್ಲಿ ನಿಂತ ಸ್ವೀಡನ್

ಲಿಲಿಯಸ್ ಮುಂದಿಟ್ಟಿದ್ದ ಮೆಲ್ಲಗೆ ಕರಗಿಸುವ ದಾರಿಯನ್ನು ನಿಜವಾಗಿ ಪ್ರಯತ್ನಿಸಿದ ದೇಶ ಸ್ವೀಡನ್. 1700ರಿಂದ 1740ರವರೆಗೆ ಅಧಿಕ ದಿನಗಳನ್ನು ಬಿಡುತ್ತಾ ಹೋದರೆ ಹನ್ನೊಂದು ದಿನಗಳ ಅಂತರ ತಾನಾಗಿ ತೀರುತ್ತದೆ ಎಂಬ ಲೆಕ್ಕ. 1700ರಲ್ಲಿ ಫೆಬ್ರವರಿ 29 ಬಿಟ್ಟರು. ಆಮೇಲೆ ಯುದ್ಧ ಶುರುವಾಯಿತು. 1704 ಮತ್ತು 1708ರಲ್ಲಿ ಬಿಡಬೇಕಾಗಿದ್ದ ದಿನಗಳನ್ನು ಬಿಡಲೇ ಇಲ್ಲ. ಫಲವಾಗಿ ಸ್ವೀಡನ್ನಿನ ತಾರೀಕು ಜೂಲಿಯನ್ ದೇಶಗಳಿಗಿಂತ ಒಂದು ದಿನ ಮುಂದೆ, ಗ್ರೆಗೋರಿಯನ್ ದೇಶಗಳಿಗಿಂತ ಹತ್ತು ದಿನ ಹಿಂದೆ. ಜಗತ್ತಿನ ಯಾವ ದೇಶಕ್ಕೂ ಹೊಂದದ ಕ್ಯಾಲೆಂಡರ್! ಕೊನೆಗೆ 1712ರಲ್ಲಿ ಫೆಬ್ರವರಿಗೆ 30ನೇ ದಿನ ಸೇರಿಸಿ ಹಳೆಯದಕ್ಕೇ ಮರಳಿದರು. 1753ರಲ್ಲಿ ಫೆಬ್ರವರಿ 17ರ ಮರುದಿನ ಮಾರ್ಚ್ 1 ಎಂದು ಒಂದೇ ಏಟಿಗೆ ಮುಗಿಸಿದರು.

ಮೆಲ್ಲಗೆ ಬದಲಾಯಿಸಿದರೆ ಜನರಿಗೆ ನೋವಾಗದು ಎಂದು ಅನ್ನಿಸುವುದು ಸಹಜ. ಆದರೆ ಎಲ್ಲರೂ ಒಟ್ಟಿಗೆ ಪಾಲಿಸಿದರೆ ಮಾತ್ರ ಬೆಲೆಯಿರುವ ವ್ಯವಸ್ಥೆಗಳಲ್ಲಿ ನಡುವಿನ ಸ್ಥಿತಿಯೇ ಅತ್ಯಂತ ದುಬಾರಿ. ಹಳೆಯದರ ಲಾಭವೂ ಇಲ್ಲ, ಹೊಸದರ ಲಾಭವೂ ಇಲ್ಲ, ನಲವತ್ತು ವರ್ಷ ಯಾರೋ ನೆನಪಿಟ್ಟುಕೊಂಡು ನಡೆಸಬೇಕು. ಇದೇ ಸ್ವೀಡನ್ 1967ರಲ್ಲಿ ವಾಹನಗಳನ್ನು ಎಡದಿಂದ ಬಲಕ್ಕೆ ಬದಲಾಯಿಸಿದಾಗ ಈ ತಪ್ಪು ಮಾಡಲಿಲ್ಲ. 1955ರ ಜನಮತಗಣನೆಯಲ್ಲಿ ಸುಮಾರು ಶೇಕಡ 83 ಮಂದಿ ಬೇಡ ಎಂದಿದ್ದರು. ಆದರೂ ಅಡ್ಡರಸ್ತೆಗಳನ್ನು ಮರುರೂಪಿಸಿ, ಬಸ್ಸುಗಳ ಬಾಗಿಲು ಇನ್ನೊಂದು ಬದಿಗೆ ಇಟ್ಟು, ಸೆಪ್ಟೆಂಬರ್ 3ರ ಬೆಳಗಿನ ಜಾವ 4:50ಕ್ಕೆ ರಸ್ತೆಯಲ್ಲಿದ್ದ ವಾಹನಗಳನ್ನೆಲ್ಲ ನಿಲ್ಲಿಸಿ, ಬದಿ ಬದಲಿಸಿ, 5 ಗಂಟೆಗೆ ಮತ್ತೆ ಹೊರಡಿಸಿದರು. ಮತ ಹಾಕಿ ಬೇಡ ಎಂದವರೂ ಹೊಂದಿಕೊಂಡರು, ಯಾಕೆಂದರೆ ಆ ಹೊತ್ತಿನ ನಂತರ ಎಡಗಡೆ ಓಡಿಸುವುದು ಯಾರಿಗೂ ಲಾಭದ್ದಾಗಿರಲಿಲ್ಲ.

ವಾರಕ್ಕೆ ಕೈಹಾಕಿದವರು

ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿದರು. ಮೂವತ್ತು ದಿನಗಳ ಹನ್ನೆರಡು ತಿಂಗಳು, ತಿಂಗಳಿಗೆ ಹತ್ತು ದಿನಗಳ ಮೂರು ದಶಕ, ವರ್ಷದ ಕೊನೆಗೆ ಐದೋ ಆರೋ ಹೆಚ್ಚುವರಿ ದಿನ. ತಿಂಗಳುಗಳಿಗೆ ಹಿಮ, ಮಳೆ, ಸುಗ್ಗಿಯ ಹೆಸರುಗಳು. ಕಾಗದದ ಮೇಲೆ ಇದಕ್ಕಿಂತ ಚೆಂದದ ಕ್ಯಾಲೆಂಡರ್ ಸಿಗದು. ಆದರೆ ರಜೆ ಏಳು ದಿನಕ್ಕೊಂದು ಇದ್ದದ್ದು ಹತ್ತು ದಿನಕ್ಕೊಂದಾಯಿತು. ಕೂಲಿಯವನಿಗೆ ವರ್ಷಕ್ಕೆ 52 ಭಾನುವಾರದ ಬದಲು 36 ರಜೆ. ಭಾನುವಾರ ಚರ್ಚಿಗೆ ಹೋಗುವವರಿಗೆ ಆ ದಿನ ಕೆಲಸದ ದಿನ. ಅಧಿಕ ವರ್ಷದ ನಿಯಮದಲ್ಲೂ ಗೊಂದಲವಿತ್ತು. ವರ್ಷ ಪ್ಯಾರಿಸ್ಸಿನ ಶರದ್ ವಿಷುವದ ದಿನ ಶುರುವಾಗಬೇಕು ಎಂದು ಒಂದು ಕಡೆ, ನಾಲ್ಕು ವರ್ಷಕ್ಕೊಂದು ಅಧಿಕ ದಿನ ಎಂದು ಇನ್ನೊಂದು ಕಡೆ. ಇವೆರಡೂ ಸದಾ ಹೊಂದುವುದಿಲ್ಲ. 1802ರಲ್ಲಿ ಸರ್ಕಾರಿ ನೌಕರರಿಗೆ ಭಾನುವಾರದ ರಜೆ ಮರಳಿತು, 1806ರ ಜನವರಿ 1ಕ್ಕೆ ಇಡೀ ಕ್ಯಾಲೆಂಡರ್ ಮುಗಿಯಿತು.

ಅದೇ ಕ್ರಾಂತಿ ಹುಟ್ಟಿಸಿದ ಮೀಟರ್ ಮತ್ತು ಕಿಲೋಗ್ರಾಂ ಮಾತ್ರ ಬದುಕಿದವು. ಅವಕ್ಕೂ ಸುಲಭವಾಗಿರಲಿಲ್ಲ. ನಡುವೆ ಹಿಮ್ಮೆಟ್ಟಿ, 1840ರಲ್ಲಿ ಮತ್ತೆ ಕಡ್ಡಾಯವಾದವು. ಕ್ಯಾಲೆಂಡರಿಗೂ ಮೀಟರಿಗೂ ಇರುವ ವ್ಯತ್ಯಾಸ ಇದು: ಅಳತೆಗಳು ಊರಿಂದ ಊರಿಗೆ ಬೇರೆಯಾಗಿದ್ದವು, ಒಂದೇ ಹೆಸರಿನ ಮಾಪ ಎರಡು ಸಂತೆಗಳಲ್ಲಿ ಎರಡು ಗಾತ್ರ. ಹೊಸ ಅಳತೆ ನಿಜವಾದ ತೊಂದರೆಯೊಂದನ್ನು ನೀಗಿಸಿತು. ಏಳು ದಿನದ ವಾರ ಆಗಲೇ ಎಲ್ಲ ಊರುಗಳಿಗೂ, ಅಕ್ಕಪಕ್ಕದ ದೇಶಗಳಿಗೂ ಒಂದೇ ಆಗಿತ್ತು. ಕೆಟ್ಟುಹೋಗದ ವಸ್ತುವನ್ನು ರಿಪೇರಿ ಮಾಡಲು ಹೋದಂತಾಯಿತು.

ಸೋವಿಯತ್ ಒಕ್ಕೂಟ 1929ರಲ್ಲಿ ಬೇರೆ ಉದ್ದೇಶದಿಂದ ವಾರಕ್ಕೆ ಕೈಹಾಕಿತು. ಯಂತ್ರಗಳು ಒಂದು ದಿನವೂ ನಿಲ್ಲಬಾರದು. ಅದಕ್ಕೆ ಐದು ದಿನಗಳ ವಾರ, ಕಾರ್ಮಿಕರಿಗೆ ಐದು ಬಣ್ಣದ ಗುಂಪುಗಳು, ಪ್ರತಿ ದಿನ ಒಂದು ಗುಂಪಿಗೆ ರಜೆ. ಲೆಕ್ಕದಲ್ಲಿ ರಜೆ ಹೆಚ್ಚೇ ಆಯಿತು, ಏಳರಲ್ಲಿ ಒಂದರ ಬದಲು ಐದರಲ್ಲಿ ಒಂದು. ಆದರೆ ಗಂಡ ಹಳದಿ ಗುಂಪಿನಲ್ಲಿ, ಹೆಂಡತಿ ಹಸಿರಿನಲ್ಲಿ ಇದ್ದರೆ ಇಬ್ಬರೂ ಮನೆಯಲ್ಲಿರುವ ದಿನವೇ ಇಲ್ಲ. ಕಾರ್ಖಾನೆಯಲ್ಲೂ ಒಂದೇ ಯಂತ್ರ ದಿನಕ್ಕೊಬ್ಬರ ಕೈಗೆ ಹೋಗಿ, ಕೆಟ್ಟರೆ ಹೊಣೆ ಯಾರದೆಂದು ತಿಳಿಯದಾಯಿತು. 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಇರುವ ಆರು ದಿನಗಳ ವಾರಕ್ಕೆ ಬಂದರು: ತಿಂಗಳ 6, 12, 18, 24, 30. 1940ರ ಜೂನ್‌ನಲ್ಲಿ ಏಳು ದಿನಗಳ ವಾರ ಮರಳಿತು. ರಜೆಯ ಬೆಲೆ ಅದರ ಸಂಖ್ಯೆಯಲ್ಲಿಲ್ಲ. ಬೇರೆಯವರಿಗೂ ಅದೇ ದಿನ ರಜೆ ಇರುವುದರಲ್ಲಿದೆ.

ಹೆಸರಿಲ್ಲದ ದಿನ

20ನೇ ಶತಮಾನದ ಸುಧಾರಕರು ಹೆಚ್ಚು ಜಾಣರಿದ್ದರು. ವಾರಕ್ಕೆ ಏಳೇ ದಿನ ಇರಲಿ ಎಂದರು. 365ರಲ್ಲಿ ಒಂದನ್ನು ಪಕ್ಕಕ್ಕೆ ತೆಗೆದಿಟ್ಟರೆ 364 ಉಳಿಯುತ್ತದೆ, ಅದು 7ಕ್ಕೂ 4ಕ್ಕೂ 13ಕ್ಕೂ ಸರಿಯಾಗಿ ಭಾಗವಾಗುತ್ತದೆ. ಆ ಒಂದು ದಿನಕ್ಕೆ ವಾರದ ಹೆಸರೂ ಬೇಡ, ತಾರೀಕೂ ಬೇಡ.

ಮೋಸೆಸ್ ಕಾಟ್ಸ್‌ವರ್ತ್ 1902ರಲ್ಲಿ ರೂಪಿಸಿದ ಯೋಜನೆಯಲ್ಲಿ 28 ದಿನಗಳ 13 ತಿಂಗಳುಗಳು. ಜೂನ್ ಮತ್ತು ಜುಲೈ ನಡುವೆ ‘ಸೋಲ್’ ಎಂಬ ಹೊಸ ತಿಂಗಳು. ಪ್ರತಿ ತಿಂಗಳೂ ಭಾನುವಾರ ಶುರು, ಶನಿವಾರ ಮುಕ್ತಾಯ. ಹೋಲಿಕೆಗೆ ಅದ್ಭುತ: ಯಾವ ತಿಂಗಳ ಲೆಕ್ಕವನ್ನಾದರೂ ಯಾವುದರ ಪಕ್ಕದಲ್ಲಾದರೂ ಇಡಬಹುದು. ಈಸ್ಟ್‌ಮನ್ ಕೊಡಾಕ್ ಕಂಪನಿ 1928ರಿಂದ 1989ರವರೆಗೆ ತನ್ನ ಒಳಗಿನ ಲೆಕ್ಕಪತ್ರಕ್ಕೆ ಇದನ್ನೇ ಬಳಸಿತು. ಆದರೆ ಹೊರಜಗತ್ತಿಗೆ ತಂದರೆ? ಅಮೆರಿಕದ ಸ್ವಾತಂತ್ರ್ಯ ದಿನ ಜುಲೈ 4, ವರ್ಷದ 185ನೇ ದಿನ. ಆರು ತಿಂಗಳಿಗೆ 168 ಕಳೆದರೆ 17 ಉಳಿಯುತ್ತದೆ, ಅಂದರೆ ಅದು ಸೋಲ್ 17 ಆಗುತ್ತದೆ. ಜನವರಿ 28ರಿಂದ ಆಚೆಗೆ ಹುಟ್ಟಿದ ಪ್ರತಿಯೊಬ್ಬರ ತಾರೀಕೂ ಹೀಗೆ ಬದಲಾಗಬೇಕು. ಬಾಡಿಗೆ 13 ಸಲ. 13ನ್ನು ನಾಲ್ಕು ತ್ರೈಮಾಸಿಕಗಳಾಗಿ ಒಡೆದರೆ ಮೂರು ತಿಂಗಳು ಒಂದು ವಾರ.

ಇದನ್ನು ತಿದ್ದಿ ಎಲಿಜಬೆತ್ ಅಕೆಲಿಸ್ 1930ರಿಂದ ‘ವಿಶ್ವ ಕ್ಯಾಲೆಂಡರ್’ಗಾಗಿ ಓಡಾಡಿದರು. ಹನ್ನೆರಡೇ ತಿಂಗಳು, ಪ್ರತಿ ತ್ರೈಮಾಸಿಕ 31, 30, 30 ದಿನ, ಒಟ್ಟು 91. ಡಿಸೆಂಬರ್ 30ರ ಶನಿವಾರದ ನಂತರ ಹೆಸರಿಲ್ಲದ ‘ವಿಶ್ವದಿನ’, ಅಧಿಕ ವರ್ಷದಲ್ಲಿ ಜೂನ್ 30ರ ನಂತರ ಇನ್ನೊಂದು. ಇದಕ್ಕೆ ರಾಷ್ಟ್ರಸಂಘದಲ್ಲಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಗಂಭೀರ ಚರ್ಚೆ ನಡೆಯಿತು. ವಿಶ್ವಸಂಸ್ಥೆಯಲ್ಲಿ ಈ ವಿಷಯ ಎತ್ತಿದ್ದು ಭಾರತ.

ಮುರಿದುಬಿದ್ದದ್ದು ಆ ಹೆಸರಿಲ್ಲದ ದಿನದಲ್ಲಿ. ಶನಿವಾರ ಸಬ್ಬತ್, ಅಂದರೆ ಕೆಲಸ ಮಾಡದ ಪವಿತ್ರ ವಿಶ್ರಾಂತಿ ದಿನ, ಆಚರಿಸುವ ಯಹೂದಿಯೊಬ್ಬರನ್ನು ನೆನೆಯಿರಿ. ಅವರ ಎಣಿಕೆಯಲ್ಲಿ ಏಳು ದಿನಗಳ ಸರಪಳಿ ತುಂಡಾಗುವಂತಿಲ್ಲ. ಡಿಸೆಂಬರ್ 30 ಶನಿವಾರ, ಮರುದಿನ ವಿಶ್ವದಿನ, ಅದರ ಮರುದಿನ ಸರ್ಕಾರಕ್ಕೆ ಭಾನುವಾರ. ಆದರೆ ಅವರ ಲೆಕ್ಕದಲ್ಲಿ ವಿಶ್ವದಿನವೇ ಭಾನುವಾರ, ಹಾಗಾಗಿ ಸರ್ಕಾರದ ಭಾನುವಾರ ಅವರಿಗೆ ಸೋಮವಾರ. ಆ ವರ್ಷವಿಡೀ ಅವರ ಸಬ್ಬತ್ ಸರ್ಕಾರದ ಶುಕ್ರವಾರ ಬೀಳುತ್ತದೆ. ಮುಂದಿನ ವರ್ಷ ಗುರುವಾರ, ಅದರ ಮುಂದಿನ ವರ್ಷ ಬುಧವಾರ. ಅಧಿಕ ವರ್ಷ ಬಂದರೆ ಜೂನ್ ಕೊನೆಯಲ್ಲೇ ಇನ್ನೊಂದು ಜಾರು. ಪ್ರತಿ ವರ್ಷ ಬೇರೆ ದಿನ ರಜೆ ಕೇಳುವ ನೌಕರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬ್ರಿಟನ್ನಿನ ಪ್ರಧಾನ ರಬ್ಬಿ ಜೋಸೆಫ್ ಹರ್ಟ್ಸ್ 1931ರ ಜಿನೀವಾ ಸಭೆಯಲ್ಲಿ ಈ ಯೋಜನೆಗಳ ವಿರುದ್ಧ ಹೋರಾಡಿದರು. ಶನಿವಾರವನ್ನೇ ಪವಿತ್ರ ದಿನವೆನ್ನುವ ಕ್ರೈಸ್ತ ಪಂಥದವರಾದ ಸೆವೆಂತ್ ಡೇ ಅಡ್ವೆಂಟಿಸ್ಟರು ಜೊತೆಗಿದ್ದರು. ಶುಕ್ರವಾರದ ನಮಾಜಿಗೂ ಭಾನುವಾರದ ಪ್ರಾರ್ಥನೆಗೂ ಅದೇ ತೊಡಕು. 1955ರಲ್ಲಿ ಅಮೆರಿಕ ಬೆಂಬಲ ನಿರಾಕರಿಸಿತು. ಮರುವರ್ಷ ವಿಶ್ವಸಂಸ್ಥೆ ವಿಷಯವನ್ನು ಬದಿಗಿಟ್ಟಿತು.

ಸರಪಳಿ ತುಂಡಾಗದ ಪರಿಹಾರವೂ ಇದೆ. ಅಧಿಕ ದಿನದ ಬದಲು ಅಧಿಕ ವಾರ. ಸಾಮಾನ್ಯ ವರ್ಷಕ್ಕೆ 364 ದಿನ, ಐದಾರು ವರ್ಷಕ್ಕೊಮ್ಮೆ 371 ದಿನ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸ್ಟೀವ್ ಹ್ಯಾಂಕಿ ಮತ್ತು ರಿಚರ್ಡ್ ಹೆನ್ರಿ ಅವರ ಯೋಜನೆ ಈ ಬಗೆಯದು. ಇಲ್ಲಿ ಬೆಲೆ ತೆರುವುದು ವಿಷುವ. ಅದು ಸುಮಾರು ಒಂದು ವಾರದಷ್ಟು ಹಿಂದೆ ಮುಂದೆ ಓಲಾಡುತ್ತದೆ. ಉದ್ದದ ವರ್ಷ ಶೇಕಡ ಎರಡರಷ್ಟು ಹೆಚ್ಚು ಇರುವುದರಿಂದ ವಾರ್ಷಿಕ ಬಡ್ಡಿ, ವಾರ್ಷಿಕ ಸಂಬಳಕ್ಕೆ ಹೊಸ ನಿಯಮ ಬೇಕು. ವಾರವನ್ನು ಕಾಪಾಡಿದರೆ ವರ್ಷ ಸಡಿಲವಾಗುತ್ತದೆ, ವರ್ಷವನ್ನು ಬಿಗಿದರೆ ವಾರ ಒಡೆಯುತ್ತದೆ. 365ರ ಶೇಷ ಎಲ್ಲಾದರೂ ಒಂದು ಕಡೆ ಹೊರಬೀಳಲೇಬೇಕು.

1957ರ ಎರಡು ಬದಲಾವಣೆಗಳು

ವಿರೋಧವೇ ಇಲ್ಲದೆ ಸುಧಾರಣೆಯೊಂದು ಬಳಕೆಗೆ ಬರದೆ ಹೋಗುವುದೂ ಉಂಟು. ಭಾರತದ ರಾಷ್ಟ್ರೀಯ ಕ್ಯಾಲೆಂಡರ್ ಅಂಥದು, ಮತ್ತು ಅದರ ಕಥೆ ತಿಳಿದವರು ಕಡಿಮೆ.

1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ರಚನೆಯಾಯಿತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಅದು ಪರಿಶೀಲಿಸಿತು. ಸಮಿತಿ ಕಂಡ ಮುಖ್ಯ ದೋಷ ಇದು. ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದ ವರ್ಷ 365.258756 ದಿನ. ಋತುಗಳನ್ನು ಅನುಸರಿಸುವ ಸಾಯನ ವರ್ಷಕ್ಕಿಂತ ಇದು ಸ್ವಲ್ಪ ಉದ್ದ, ಸುಮಾರು 60 ವರ್ಷಕ್ಕೆ ಒಂದು ದಿನ ಜಾರುತ್ತದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ಪಂಚಾಂಗದ ಮಕರ ಸಂಕ್ರಮಣ ಬರುವುದು ಜನವರಿ 14 ಅಥವಾ 15ಕ್ಕೆ. ಇದು ಜೂಲಿಯನ್ ಕ್ಯಾಲೆಂಡರಿಗೆ ಇದ್ದಂಥದೇ ಕಾಯಿಲೆ, ವೇಗ ಮಾತ್ರ ಎರಡರಷ್ಟು.

ಸಮಿತಿ ಕೊಟ್ಟ ಕ್ಯಾಲೆಂಡರ್ ವಿಜ್ಞಾನದ ದೃಷ್ಟಿಯಿಂದ ಸೊಗಸಾದದ್ದು. ವರ್ಷಾರಂಭ ವಸಂತ ವಿಷುವದ ಮರುದಿನ, ಮಾರ್ಚ್ 22. ಅಧಿಕ ವರ್ಷದಲ್ಲಿ ಮಾರ್ಚ್ 21. ಚೈತ್ರಕ್ಕೆ 30 ದಿನ, ಅಧಿಕ ವರ್ಷದಲ್ಲಿ 31. ವೈಶಾಖದಿಂದ ಭಾದ್ರದವರೆಗೆ ಐದು ತಿಂಗಳಿಗೆ 31, ಉಳಿದ ಆರಕ್ಕೆ 30. ಐದು ತಿಂಗಳು ಉದ್ದವಾಗಿರುವುದು ಮನಬಂದಂತೆ ಅಲ್ಲ. ಜುಲೈ ಆರಂಭದಲ್ಲಿ ಭೂಮಿ ಸೂರ್ಯನಿಂದ ಅತಿ ದೂರವಿದ್ದು ನಿಧಾನವಾಗಿ ಚಲಿಸುತ್ತದೆ. ಆದ್ದರಿಂದ ವಸಂತ ವಿಷುವದಿಂದ ಶರದ್ ವಿಷುವಕ್ಕೆ ಸುಮಾರು 186 ದಿನ ಹಿಡಿದರೆ ವಾಪಸ್ ಬರಲು 179 ಸಾಕು. ತಿಂಗಳುಗಳ ಉದ್ದ ಅದನ್ನೇ ಹಿಂಬಾಲಿಸುತ್ತದೆ. ಶಕ ವರ್ಷಕ್ಕೆ 78 ಸೇರಿಸಿ, ಬಂದ ಸಂಖ್ಯೆಗೆ ಗ್ರೆಗೋರಿಯನ್ ನಿಯಮ ಹಾಕಿದರೆ ಅಧಿಕ ವರ್ಷ ಗೊತ್ತಾಗುತ್ತದೆ. 1957ರ ಮಾರ್ಚ್ 22, ಅಂದರೆ ಶಕ 1879ರ ಚೈತ್ರ 1ರಿಂದ ಇದು ಜಾರಿಗೆ ಬಂತು. ಭಾರತದ ಗೆಜೆಟ್‌ನಲ್ಲಿ, ಆಕಾಶವಾಣಿ ವಾರ್ತೆಯಲ್ಲಿ, ಸರ್ಕಾರಿ ಕ್ಯಾಲೆಂಡರುಗಳಲ್ಲಿ ಗ್ರೆಗೋರಿಯನ್ ತಾರೀಕಿನ ಜೊತೆಗೆ ಇದನ್ನೂ ಕೊಡಬೇಕೆಂದಾಯಿತು.

ಹತ್ತೇ ದಿನಗಳ ನಂತರ, 1957ರ ಏಪ್ರಿಲ್ 1ಕ್ಕೆ, ಅದೇ ಸರ್ಕಾರ ದಶಮಾಂಶ ನಾಣ್ಯ ತಂದಿತು. 16 ಆಣೆ, 64 ಪೈಸೆಯ ರೂಪಾಯಿ 100 ಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ 6.25 ಪೈಸೆ ಆಗುವುದರಿಂದ ಚಿಲ್ಲರೆಯಲ್ಲಿ ತೊಡಕು ಖಂಡಿತ ಇತ್ತು. ಮೂರಾಣೆಗೆ 18.75 ಬಂದು 19 ಎಂದು ಹಿಡಿಯಬೇಕಾಗಿತ್ತು. ನಾಲ್ಕಾಣೆ, ಎಂಟಾಣೆಗಳಂಥವು ಮಾತ್ರ 25, 50 ಎಂದು ಸರಿಯಾಗಿ ಕೂರುತ್ತಿದ್ದವು. ಆ ಮಾತುಗಳು ಆಣೆ ಹೋದ ಮೇಲೂ ಬಾಯಲ್ಲಿ ಉಳಿದದ್ದರಲ್ಲಿ ಅಚ್ಚರಿಯಿಲ್ಲ. ಇಷ್ಟು ತೊಂದರೆಯಿದ್ದ ನಾಣ್ಯ ಗೆದ್ದಿತು. ಯಾರಿಗೂ ತೊಂದರೆ ಕೊಡದ ಕ್ಯಾಲೆಂಡರ್ ಬಳಕೆಗೆ ಬರಲಿಲ್ಲ.

ಮೊದಲ ಕಾರಣ ಎಲ್ಲರಿಗೂ ಕಾಣುವಂಥದು. ಹೊಸ ನಾಣ್ಯ ಹಳೆಯದರ ಜಾಗಕ್ಕೆ ಬಂತು, ಹಳೆಯದು ಕ್ರಮೇಣ ಚಲಾವಣೆಯಿಂದ ಹೋಯಿತು. ಹೊಸ ಕ್ಯಾಲೆಂಡರ್ ಯಾವುದರ ಜಾಗಕ್ಕೂ ಬರಲಿಲ್ಲ. ಕಚೇರಿಗೆ ಗ್ರೆಗೋರಿಯನ್, ಹಬ್ಬಕ್ಕೆ ಪಂಚಾಂಗ ಇದ್ದೇ ಇದ್ದವು. ಪಕ್ಕದಲ್ಲೇ ಜನವರಿ 26 ಎಂದು ಅಚ್ಚಾಗಿರುವಾಗ ಮಾಘ 6 ಎಂದು ಓದುವ ಅಗತ್ಯ ಯಾರಿಗೂ ಬೀಳದು.

ಎರಡನೆಯ ಕಾರಣ ಸೂಕ್ಷ್ಮ, ನನ್ನ ಮಟ್ಟಿಗೆ ಹೆಚ್ಚು ಮುಖ್ಯ. ಹೊಸ ಪೈಸೆಗೆ ಸರ್ಕಾರ ‘ನಯಾ ಪೈಸೆ’ ಎಂದು ಬೇರೆ ಹೆಸರಿಟ್ಟಿತು. ಗೊಂದಲ ಕಳೆದ ಮೇಲೆ, 1964ರಲ್ಲಿ ‘ನಯಾ’ ತೆಗೆಯಿತು. ಕ್ಯಾಲೆಂಡರಿನಲ್ಲಿ ಹೀಗೆ ಮಾಡಲಿಲ್ಲ. ಹಳೆಯ ಚೈತ್ರಕ್ಕೂ ಹೊಸ ಚೈತ್ರಕ್ಕೂ ಒಂದೇ ಹೆಸರು. 2024ರ ಏಪ್ರಿಲ್ 9ನ್ನು ನೋಡಿ. ಪಂಚಾಂಗದ ಪ್ರಕಾರ ಅದು ಯುಗಾದಿ, ಶಕ 1946ರ ಚೈತ್ರ ಶುದ್ಧ ಪಾಡ್ಯ, ವರ್ಷದ ಮೊದಲ ದಿನ. ರಾಷ್ಟ್ರೀಯ ಕ್ಯಾಲೆಂಡರಿನ ಪ್ರಕಾರ ಅದು ಶಕ 1946ರ ಚೈತ್ರ 20. ಅದೇ ಶಕ, ಅದೇ ಮಾಸ, ಬೇರೆ ದಿನ. ಯಾವ ಚೈತ್ರ ಎಂದು ಕೇಳದೆ ಮುಂದೆ ಹೋಗುವಂತಿಲ್ಲ. ಎರಡು ವ್ಯವಸ್ಥೆ ಜೊತೆಯಲ್ಲಿ ಓಡಬೇಕಾದರೆ ಅವುಗಳ ಹೆಸರು ಬೇರೆ ಇರಲೇಬೇಕು, ಇಲ್ಲದಿದ್ದರೆ ಜನ ತಮಗೆ ಗೊತ್ತಿರುವ ಅರ್ಥವನ್ನೇ ಹಿಡಿದುಕೊಳ್ಳುತ್ತಾರೆ.

ಬದಲಾಯಿಸದೆ ಸಂಭಾಳಿಸುವುದು

ಸುಧಾರಕರು ಪಟ್ಟಿ ಮಾಡಿದ ತೊಂದರೆಗಳೆಲ್ಲ ನಿಜ. ಹಾಗಾದರೆ ಒತ್ತಡ ಯಾಕೆ ಕಡಿಮೆಯಾಯಿತು? ಒಂದೊಂದು ಕ್ಷೇತ್ರವೂ ತನ್ನ ಪಾಡಿಗೆ ಒಂದು ಒಳಲೆಕ್ಕ ಮಾಡಿಕೊಂಡಿತು. ಬಾಂಡ್ ವ್ಯವಹಾರದಲ್ಲಿ 30/360 ಎಂಬ ಪದ್ಧತಿ ಇದೆ: ಬಡ್ಡಿ ಲೆಕ್ಕಕ್ಕೆ ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360 ಎಂದು ಹಿಡಿಯುವುದು. ದೊಡ್ಡ ಚಿಲ್ಲರೆ ಮಾರಾಟ ಕಂಪನಿಗಳು ತ್ರೈಮಾಸಿಕವನ್ನು 4, 4, 5 ವಾರಗಳಾಗಿ ಒಡೆದು, ಐದಾರು ವರ್ಷಕ್ಕೊಮ್ಮೆ 53ನೇ ವಾರ ಸೇರಿಸುತ್ತವೆ. ತಾರೀಕು ಬರೆಯುವುದಕ್ಕಿರುವ ಅಂತರರಾಷ್ಟ್ರೀಯ ಐಎಸ್‌ಒ 8601 ಮಾನದಂಡದಲ್ಲಿ ವರ್ಷದ ಮೊದಲ ಗುರುವಾರ ಇರುವ ವಾರವೇ ಒಂದನೇ ವಾರ. 400 ವರ್ಷದಲ್ಲಿ 71 ವರ್ಷಗಳಿಗೆ 53 ವಾರ. ನೋಡಿದರೆ ಇದು ಅಧಿಕ ವಾರದ ಕ್ಯಾಲೆಂಡರೇ, ಯಾರನ್ನೂ ಕೇಳದೆ ಜಾರಿಯಲ್ಲಿದೆ. ಖಗೋಳಜ್ಞರು ತಿಂಗಳು ವರ್ಷಗಳ ಗೊಡವೆಯೇ ಬೇಡವೆಂದು ದಿನಗಳನ್ನು ಒಂದೇ ಸಮನೆ ಎಣಿಸುವ ಜೂಲಿಯನ್ ದಿನಸಂಖ್ಯೆ ಬಳಸುತ್ತಾರೆ. ಇವೆಲ್ಲ ಒಳಗೆ ಓಡುತ್ತವೆ, ಗೋಡೆಯ ಮೇಲಿನ ಕ್ಯಾಲೆಂಡರ್ ಹಾಗೇ ಇರುತ್ತದೆ. ಪರಿವರ್ತನೆಯ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ.

ಆದರೆ ಕಂಪ್ಯೂಟರ್ ಕೂಡ ಹಳೆಯದಕ್ಕೆ ಅಂಟಿಕೊಳ್ಳುತ್ತದೆ, ಅದೂ ಮನುಷ್ಯರು ಅಂಟಿಕೊಳ್ಳುವ ಕಾರಣಕ್ಕೇ. ವಿಂಡೋಸ್‌ನಲ್ಲಿ ಎಕ್ಸೆಲ್ ತೆರೆದು ಒಂದು ಕೋಶದಲ್ಲಿ 60 ಎಂದು ಬರೆಯಿರಿ, ಆಮೇಲೆ ಅದರ ಫಾರ್ಮ್ಯಾಟನ್ನು ತಾರೀಕಿಗೆ ಬದಲಾಯಿಸಿ. 1900ರ ಫೆಬ್ರವರಿ 29 ಎಂದು ಬರುತ್ತದೆ. ಅಂಥ ದಿನ ಇರಲೇ ಇಲ್ಲ. 1900 ನೂರರಿಂದ ಭಾಗವಾಗುತ್ತದೆ, 400ರಿಂದ ಇಲ್ಲ. ಎಕ್ಸೆಲ್‌ಗಿಂತ ಮೊದಲು ಚಾಲ್ತಿಯಲ್ಲಿದ್ದ ಲೋಟಸ್ 1-2-3 ತಂತ್ರಾಂಶ 1900ನ್ನು ಅಧಿಕ ವರ್ಷವೆಂದು ತಪ್ಪಾಗಿ ಹಿಡಿದಿತ್ತು. ಅದರ ಕಡತಗಳು ತನ್ನಲ್ಲೂ ಸರಿಯಾಗಿ ತೆರೆದುಕೊಳ್ಳಲಿ ಎಂದು ಎಕ್ಸೆಲ್ ಆ ತಪ್ಪನ್ನು ತಿಳಿದೇ ಉಳಿಸಿಕೊಂಡಿತು. ಇಂದು ತಿದ್ದಿದರೆ ಈಗಾಗಲೇ ಇರುವ ಕಡತಗಳಲ್ಲಿ 1900ರ ಮಾರ್ಚ್ 1ರಿಂದ ಈಚಿನ ಎಲ್ಲ ತಾರೀಕುಗಳೂ ಒಂದು ದಿನ ಸರಿದುಹೋಗುತ್ತವೆ. ತಿದ್ದದೆ ಬಿಟ್ಟಿದ್ದರಿಂದ ಆಗಿರುವ ನಷ್ಟ ಇಷ್ಟೇ: ಆ ದಿನಕ್ಕಿಂತ ಹಿಂದಿನ ಎರಡು ತಿಂಗಳಿಗೆ ವಾರ ತಪ್ಪಾಗಿ ಬರುತ್ತದೆ. 1900ರ ಜನವರಿ 1 ನಿಜವಾಗಿ ಸೋಮವಾರ, ಎಕ್ಸೆಲ್ ಅದನ್ನು ಭಾನುವಾರ ಎನ್ನುತ್ತದೆ. ಗೂಗಲ್ ಶೀಟ್ಸ್ ಎಣಿಕೆಯ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ಇಟ್ಟು ಬೇರೆ ದಾರಿ ಹಿಡಿಯಿತು. ಅಲ್ಲಿ 60 ಅಂದರೆ ಫೆಬ್ರವರಿ 28, 61 ಅಂದರೆ ಮಾರ್ಚ್ 1. 61ರಿಂದ ಮುಂದಕ್ಕೆ ಎರಡರ ಲೆಕ್ಕವೂ ಒಂದೇ.